ನೆಂಟರಿಗೆ ನಮ್ಮ ಕಡಲಕರೆಯನ್ನು ತೋರಿಸುವ ಬಗೆ

ಪ್ರತಿ ವರ್ಷವೂ ಬೇಸಗೆಯ ರಜೆ ಪ್ರಾರಂಭವಾದೊಡನೆ ನಮ್ಮ ಶಾಲೆಯ ಅನೇಕ ಮಕ್ಕಳ ಮನೆಗಳಿಗೆ ಘಟ್ಟದ ಮೇಲಿನಿಂದ ನೆಂಟರಿಷ್ಟರು ಬರುವುದುಂಟು. ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ, ಮೈಸೂರುಗಳಿಂದ ಬರುವ ಈ ಅತಿಥಿಗಳಲ್ಲಿ ಕೆಲವರು ಕಡಲನ್ನು ಚಿತ್ರಗಳಲ್ಲಿ ಹೊರತು ಪ್ರತ್ಯಕ್ಷವಾಗಿ ಕಂಡವರಲ್ಲ. ಬೆಲ್ಲ-ನೀರು ಕೊಟ್ಟು ಕುಶಲ ವಿಚಾರಿಸಿ ಮುಗಿಯುವಷ್ಟರಲ್ಲಿ ಅವರ ಮೊದಲ ಪ್ರಶ್ನೆ ಸಿದ್ಧವಾಗಿರುತ್ತದೆ: “ಇಲ್ಲಿ ನೋಡತಕ್ಕದ್ದು ಏನೇನಿದೆ?” ಇದಕ್ಕೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕೊಡುವ ಉತ್ತರ ಎರಡೇ ಮಾತಿನದು: “ಕಡಲುಂಟು, ಬೇಕಲ ಕೋಟೆಯುಂಟು.” ಉತ್ತರ ಸುಳ್ಳಲ್ಲ, ಆದರೆ ಅಷ್ಟರಿಂದ ಅತಿಥಿಗೆ ತೃಪ್ತಿಯಾಗದು, ನಮಗೂ ಅದು ಭೂಷಣವಲ್ಲ.

ಮಕ್ಕಳನ್ನು ಆಕ್ಷೇಪಿಸುವ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಾನು ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ ನಮ್ಮ ತಾಯಿಯ ಕಡೆಯ ಸಂಬಂಧಿಕರಾದ ಒಬ್ಬ ವೃದ್ಧರು ಸಾಗರದ ಸೀಮೆಯಿಂದ ಬಂದಿದ್ದರು. ಅಡಕೆ ತೋಟದ ಬೇಸಾಯಗಾರರು, ಹೆಚ್ಚು ಓದಿದವರಲ್ಲ. ಅವರನ್ನು ಬೇಕಲ ಕೋಟೆಗೆ ಕರೆದೊಯ್ದೆ. “ಈ ಕೋಟೆಯನ್ನು ಕಟ್ಟಿಸಿದವರು ಯಾರು?” ಎಂದು ಅವರು ಕೇಳಿದಾಗ, “ಟಿಪ್ಪು ಸುಲ್ತಾನ” ಎಂದು ನಿಸ್ಸಂಶಯವಾಗಿ ಉತ್ತರಿಸಿದೆ. ಅವರು ನಸುನಕ್ಕು, “ಅಲ್ಲ ಮಾಸ್ತರೆ, ಇದು ನಮ್ಮ ಶಿವಪ್ಪ ನಾಯಕನದು” ಎಂದರು. ಆಮೇಲೆ ಗೋಡೆಯ ಕಲ್ಲಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಕೆಳದಿ ಇಕ್ಕೇರಿಗಳು ಸಾಗರ ತಾಲೂಕಿನಲ್ಲಿರುವುದಷ್ಟೆ. ತಮ್ಮ ಊರಿನ ಅರಸನು ಇಷ್ಟು ದೂರ ಬಂದು ಕಡಲಂಚಿನಲ್ಲಿ ಕಟ್ಟಿಸಿದ ಕೋಟೆಯನ್ನು ಅವರು ಹುಡುಕಿಕೊಂಡು ಬಂದಿದ್ದರು. ಅದರ ಹತ್ತಿರವೇ ಹುಟ್ಟಿ ಬೆಳೆದು ಪದವಿ ಪಡೆದ ನನಗೆ ಅದು ತಿಳಿದಿರಲಿಲ್ಲ. ಅಂದಿನ ನಾಚಿಕೆಯೇ ಈ ಲೇಖನಕ್ಕೆ ಮೂಲವೆಂದರೂ ತಪ್ಪಲ್ಲ. ಅತಿಥಿಗಳೊಡನೆ ಎಲ್ಲಿಗೆ ಹೋಗಬಹುದು, ಅಲ್ಲಿ ಏನನ್ನು ಗಮನಿಸಬೇಕು, ಯಾವುದರಲ್ಲಿ ಎಚ್ಚರದಿಂದಿರಬೇಕು ಎಂಬುದನ್ನು ವಿದ್ಯಾರ್ಥಿಗಳ ಮತ್ತು ಅವರ ಹೆತ್ತವರ ಉಪಯೋಗಕ್ಕಾಗಿ ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲಿಗೆ ಕಡಲಿನ ವಿಚಾರ. ಅತಿಥಿಗಳು, ಅದರಲ್ಲೂ ಮಕ್ಕಳು, ಬಂದ ದಿನವೇ ನೀರಿಗೆ ಇಳಿಯಲು ಆತುರಪಡುತ್ತಾರೆ. ಕೆರೆಯಲ್ಲೋ ಕಾಲುವೆಯಲ್ಲೋ ಈಜು ಕಲಿತ ಹುಡುಗನಿಗೆ ತನಗೆ ಈಜು ಬರುತ್ತದೆಂಬ ಧೈರ್ಯ ಬೇರೆ. ಆದರೆ ಕೆರೆಯ ನೀರು ನಿಂತಿರುತ್ತದೆ, ಕಡಲಿನ ನೀರು ನಡೆಯುತ್ತಿರುತ್ತದೆ. ತೆರೆಗಳು ದಡಕ್ಕೆ ತಂದು ರಾಶಿ ಹಾಕಿದ ನೀರು ಹೇಗಾದರೂ ಹಿಂದಕ್ಕೆ ಹೋಗಲೇಬೇಕು. ಅದು ಕೆಲವು ಕಡೆ ಮರಳಿನ ದಿಣ್ಣೆಗಳ ನಡುವಣ ಇಕ್ಕಟ್ಟಾದ ಜಾಗದಲ್ಲಿ ಒಂದು ಹೊಳೆಯಂತೆ ರಭಸದಿಂದ ಕಡಲ ಕಡೆಗೆ ಹರಿಯುತ್ತದೆ. ಇಂಥ ಜಾಗದಲ್ಲಿ ತೆರೆಗಳು ಕಡಿಮೆಯಾಗಿ ಒಡೆಯುವುದರಿಂದ, ತಿಳಿಯದವರಿಗೆ ಅದೇ ಅತ್ಯಂತ ಶಾಂತವಾದ ಸ್ಥಳವಾಗಿ ಕಾಣಿಸುತ್ತದೆ. ಅಪಾಯವಿರುವುದೇ ಅಲ್ಲಿ. ಆ ಸೆಳೆತಕ್ಕೆ ಸಿಕ್ಕಿದವನು ದಡದ ಕಡೆಗೆ ನೇರವಾಗಿ ಈಜಲು ಹೆಣಗಿದರೆ ಎಂಥ ಬಲಶಾಲಿಯಾದರೂ ಬಳಲಿ ಮುಳುಗುತ್ತಾನೆ. ಗಾಬರಿಗೊಳ್ಳದೆ ದಡಕ್ಕೆ ಸಮಾನಾಂತರವಾಗಿ, ಎಂದರೆ ಎಡಕ್ಕೋ ಬಲಕ್ಕೋ ಸ್ವಲ್ಪ ದೂರ ಈಜಿದರೆ ಸೆಳೆತವು ಮುಗಿಯುತ್ತದೆ; ಅಲ್ಲಿಂದ ತೆರೆಗಳೇ ದಡಕ್ಕೆ ತರುತ್ತವೆ. ಈಜಲು ಶಕ್ತಿಯಿಲ್ಲದವನು ನೀರಿನ ಮೇಲೆ ತೇಲುತ್ತಾ ಕೈಯೆತ್ತಿ ಕೂಗಿಕೊಳ್ಳಬೇಕು. ದಡದಲ್ಲಿರುವವರು ತಾವೂ ನೀರಿಗೆ ಹಾರದೆ ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆದು, ಬೆಸ್ತರನ್ನು ಕರೆಯಬೇಕು.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದಿದ್ದ ನೆಂಟರ ಹುಡುಗನೊಬ್ಬನು, ಹದಿನಾಲ್ಕು ವರ್ಷದವನು, ಇಂಥ ಸೆಳೆತಕ್ಕೆ ಸಿಕ್ಕಿದ್ದನು. ಆಗ ನಾನು ಕಡಲಿಗೆ ಬೆನ್ನು ಹಾಕಿ ಅವನ ತಂದೆಯೊಡನೆ ಮಾತಿನಲ್ಲಿ ಮಗ್ನನಾಗಿದ್ದೆ. ಬಲೆ ಒಣಗಿಸುತ್ತಿದ್ದ ಇಬ್ಬರು ಬೆಸ್ತರು ಕಂಡುದರಿಂದ ಹುಡುಗನು ಉಳಿದನು. ಅವರು ಹಣವನ್ನು ಮುಟ್ಟಲಿಲ್ಲ; “ಮಕ್ಕಳು ನೀರಿನಲ್ಲಿರುವಾಗ ದೊಡ್ಡವರು ಈ ಕಡೆ ಮುಖ ಮಾಡಿ ಕುಳಿತುಕೊಳ್ಳಬೇಕು” ಎಂದಷ್ಟೇ ಹೇಳಿದರು. ಹೆತ್ತವರು ಈ ಒಂದು ಮಾತನ್ನು ಮರೆಯಬಾರದೆಂದು ನನ್ನ ಪ್ರಾರ್ಥನೆ.

ಇನ್ನೆರಡು ಸಂಗತಿಗಳನ್ನೂ ತಿಳಿದಿರಬೇಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಭರತ, ಎರಡು ಬಾರಿ ಇಳಿತ ಉಂಟಾಗುತ್ತವೆ. ಚಂದ್ರನ ಗತಿಯನ್ನು ಅನುಸರಿಸಿ ಇವು ಪ್ರತಿದಿನವೂ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಆದುದರಿಂದ ನಿನ್ನೆ ಸಂಜೆ ಆಟವಾಡಿದ ಮರಳು ಇಂದು ಅದೇ ಹೊತ್ತಿಗೆ ಅಷ್ಟೇ ಅಗಲವಾಗಿರುವುದೆಂದು ನಂಬಬಾರದು. ಎರಡನೆಯದು, ಬೇಸಗೆಯಲ್ಲಿ ಗಾಳಿ ಮಳೆ ಏನೂ ಇಲ್ಲದಿರುವಾಗಲೂ ಕೆಲವು ದಿನ ಕಡಲು ಹಠಾತ್ತಾಗಿ ಉಕ್ಕಿ ದಡದ ಮೇಲೆ ಹರಿಯುವುದುಂಟು. ದೂರದ ದಕ್ಷಿಣ ಹಿಂದೂ ಸಾಗರದಲ್ಲಿ ಎದ್ದ ಬಿರುಗಾಳಿಯ ತೆರೆಗಳು ಹಲವು ದಿನ ಪ್ರಯಾಣ ಮಾಡಿ ಇಲ್ಲಿಗೆ ಮುಟ್ಟುವುದೇ ಇದಕ್ಕೆ ಕಾರಣ. ಸದ್ದಿಲ್ಲದೆ ಬರುವುದರಿಂದ ಮಲಯಾಳದಲ್ಲಿ ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇದರ ಮುನ್ಸೂಚನೆಯನ್ನು ಕೊಡುತ್ತದೆ. ಅಂಥ ದಿನ ಕಡಲ ಬಳಿಗೆ ಹೋಗದಿರುವುದೇ ಲೇಸು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಲದ ಕಡಲನ್ನು ದೂರದಿಂದ ನೋಡಿ ಆನಂದಿಸಬೇಕೇ ಹೊರತು ಅದಕ್ಕೆ ಇಳಿಯಬಾರದು.

ಇಷ್ಟು ಎಚ್ಚರವಿದ್ದರೆ ಕಡಲಕರೆಯಷ್ಟು ಖರ್ಚಿಲ್ಲದ ವಿಹಾರ ಸ್ಥಳ ಮತ್ತೊಂದಿಲ್ಲ. ಮುಂಜಾನೆ ಇಳಿತದ ಹೊತ್ತಿನಲ್ಲಿ ಒದ್ದೆಮರಳಿನ ಮೇಲೆ ನಡೆದರೆ ಚಿಪ್ಪುಗಳು, ಬಿಲದೊಳಕ್ಕೆ ಮಾಯವಾಗುವ ಏಡಿಗಳು, ದಡಕ್ಕೆ ಬರುವ ದೋಣಿಗಳು, ಕೈಬಲೆ ಎಳೆಯುವವರು, ಎಲ್ಲವೂ ಕಾಣಸಿಗುತ್ತವೆ. ಘಟ್ಟದ ಮೇಲಿನ ಮಗುವಿಗೆ ಇದೊಂದು ಪಾಠಶಾಲೆ.

ಇನ್ನು ಪ್ರೇಕ್ಷಣೀಯ ಸ್ಥಳಗಳಿಗೆ ಬರೋಣ. ಮೂರು ದಿನಗಳ ಬಿಡುವಿದ್ದರೆ ಒಂದು ದಿನವನ್ನು ಬೇಕಲ ಮತ್ತು ಚಂದ್ರಗಿರಿಗೆ, ಒಂದು ದಿನವನ್ನು ಉತ್ತರದ ಕುಂಬಳೆ ಮಂಜೇಶ್ವರಗಳಿಗೆ, ಇನ್ನೊಂದನ್ನು ದಕ್ಷಿಣದ ನೀಲೇಶ್ವರದ ಕಡೆಗೆ ಮೀಸಲಿಡಬಹುದು. ಎಲ್ಲವೂ ರೈಲಿನ ದಾರಿಯ ಆಚೀಚೆ ಇರುವುದರಿಂದ ಬಸ್ಸಿನಲ್ಲೂ ರೈಲಿನಲ್ಲೂ ಹೋಗಿಬರಲು ಅನುಕೂಲವಿದೆ.

ಬೇಕಲವು ಕಾಸರಗೋಡಿನಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರು. ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದ ಈ ಕೋಟೆ ಸುಮಾರು 40 ಎಕರೆ ವಿಸ್ತಾರದ್ದು. 1763ರಲ್ಲಿ ಬಿದನೂರು ಹೈದರಾಲಿಯ ವಶವಾದಾಗ ಇದೂ ಮೈಸೂರಿಗೆ ಸೇರಿತು. ಟಿಪ್ಪುವಿನ ಕಾಲದಲ್ಲಿ ಮುಖ್ಯ ಠಾಣೆಯಾಗಿದ್ದು, 1799ರಲ್ಲಿ ಅವನ ಪತನದ ನಂತರ ಇಂಗ್ಲಿಷರ ಕೈಸೇರಿತು. ಆಮೇಲೆ ಕೆಲಕಾಲ ಬೇಕಲವೇ ತಾಲೂಕಿನ ಮುಖ್ಯ ಸ್ಥಳವಾಗಿತ್ತು. ನಾನು ಟಿಪ್ಪುವಿನ ಹೆಸರನ್ನು ಹೇಳಿದುದು ಯಾಕೆಂದು ಇದರಿಂದ ತಿಳಿಯುತ್ತದೆ: ಕೊನೆಗೆ ಆಳಿದವನ ಹೆಸರು ಜನರ ನೆನಪಿನಲ್ಲಿ ಉಳಿಯಿತು, ಕಟ್ಟಿಸಿದವನ ಹೆಸರು ಅಳಿಯಿತು.

ಕೋಟೆಯನ್ನು ನೋಡುವಾಗ ಹೊರಗೋಡೆಯ ರಂಧ್ರಗಳನ್ನು ಅವಶ್ಯವಾಗಿ ಗಮನಿಸಬೇಕು. ಮೇಲಿನ ರಂಧ್ರಗಳು ದೂರದ ಶತ್ರುವಿಗೆ, ನಡುವಿನವು ಸಮೀಪಿಸಿದವನಿಗೆ, ಕೆಳಗಿನವು ಗೋಡೆಯ ಬುಡಕ್ಕೇ ಬಂದವನಿಗೆ ಗುರಿಯಿಡುವಂತೆ ಬೇರೆ ಬೇರೆ ಓರೆಯಲ್ಲಿ ಕೊರೆಯಲ್ಪಟ್ಟಿವೆ. ಮಕ್ಕಳು ಒಂದೊಂದರಲ್ಲೂ ಕಣ್ಣಿಟ್ಟು ನೋಡಿದರೆ ತಾವೇ ತಿಳಿದುಕೊಳ್ಳುತ್ತಾರೆ. ಒಳಗೆ ಮೆಟ್ಟಿಲುಗಳುಳ್ಳ ಕೊಳ, ಮದ್ದಿನ ಮನೆ, ಎತ್ತರದ ವೀಕ್ಷಣಾ ಬುರುಜು ಇವೆ. ಬಾಗಿಲ ಬಳಿಯಲ್ಲಿ ಆಂಜನೇಯನ ಗುಡಿ, ಹೊರಗೆ ಸ್ವಲ್ಪ ದೂರದಲ್ಲಿ ಹಳೆಯ ಮಸೀದಿ. ಈ ಕೋಟೆಯನ್ನು ಕಟ್ಟಿದ ಕಲ್ಲು ನಮ್ಮ ಮನೆಗಳ ಗೋಡೆಯ ಮುರಕಲ್ಲೇ. ನೆಲದಿಂದ ಕಡಿದು ತೆಗೆಯುವಾಗ ಮೆದುವಾಗಿದ್ದು, ಗಾಳಿ ಬಿಸಿಲಿಗೆ ಒಡ್ಡಿದಂತೆ ಗಟ್ಟಿಯಾಗುವುದು ಇದರ ಗುಣ. ಗ್ರಾನೈಟಿನ ಸೀಮೆಯಿಂದ ಬಂದವರಿಗೆ ಇದನ್ನು ಹೇಳಿದರೆ ಆಶ್ಚರ್ಯಪಡುತ್ತಾರೆ.

ಬೇಕಲದಿಂದ ಹಿಂದಿರುಗುವಾಗ ಚಂದ್ರಗಿರಿಯಲ್ಲಿ ಇಳಿಯಬಹುದು. ಹೊಳೆಯ ದಕ್ಷಿಣ ದಂಡೆಯ ಗುಡ್ಡದ ಮೇಲೆ ಶಿವಪ್ಪ ನಾಯಕನದೇ ಇನ್ನೊಂದು ಚಿಕ್ಕ ಕೋಟೆಯಿದೆ. ಸಂಜೆಯ ಹೊತ್ತಿಗೆ ಅಲ್ಲಿ ನಿಂತರೆ ತೆಂಗಿನ ತೋಟಗಳ ನಡುವೆ ಹೊಳೆಯು ಕಡಲನ್ನು ಸೇರುವ ನೋಟ ಬಹು ಸುಂದರ. ಕೊಡಗಿನ ಕಡೆಯ ಘಟ್ಟಗಳಿಂದ ಇಳಿದು ಸುಳ್ಯದ ಮೇಲಿನಿಂದ ಬರುವ ಪಯಸ್ವಿನಿಯ ನೀರೇ ಇಲ್ಲಿ ಚಂದ್ರಗಿರಿಯೆಂಬ ಹೆಸರಿನಲ್ಲಿ ಹರಿಯುತ್ತದೆ. ಹಿಂದಿನಿಂದಲೂ ತುಳುನಾಡಿಗೂ ಮಲಯಾಳದ ನಾಡಿಗೂ ಈ ಹೊಳೆಯನ್ನೇ ಗಡಿಯೆಂದು ಹೇಳುವ ವಾಡಿಕೆಯಿದೆ. ಹೊಳೆಯ ಈಚೆಯ ತಳಂಗರೆಯಲ್ಲಿ ಮಾಲಿಕ್ ದೀನಾರ್ ಮಸೀದಿ ಪ್ರಸಿದ್ಧವಾದುದು. ಅಲ್ಲಿಯ ಕೈಹೊಲಿಗೆಯ ಟೊಪ್ಪಿಗಳೂ ಹೆಸರಾದವು.

ಇಲ್ಲಿಗೆ ಬಂದಾಗಲೇ ಅತಿಥಿಗಳು, “ಇದು ಕೇರಳವಲ್ಲವೆ? ಇಲ್ಲಿ ನೀವು ಕನ್ನಡ ಶಾಲೆಯಲ್ಲಿ ಓದುವುದು ಹೇಗೆ?” ಎಂದು ಮಕ್ಕಳನ್ನು ಕೇಳುವುದುಂಟು. ಇದಕ್ಕೆ ತಲೆ ತಗ್ಗಿಸಬೇಕಾದುದೂ ಇಲ್ಲ, ಸಿಟ್ಟಾಗಬೇಕಾದುದೂ ಇಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಅಂದು ಕೇರಳಕ್ಕೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಗಡಿ ಸರಿದರೂ ಮನೆಗಳು ಸರಿಯಲಿಲ್ಲ, ಶಾಲೆಗಳೂ ಸರಿಯಲಿಲ್ಲ. ಒಂದೇ ಪೇಟೆಯಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಮಾತುಗಳು ಕೇಳಿಬರುವ ಊರು ಇದು. ಹೀಗೆಂದು ಸ್ಪಷ್ಟವಾಗಿ ನಾಲ್ಕು ವಾಕ್ಯಗಳಲ್ಲಿ ಹೇಳಬಲ್ಲ ವಿದ್ಯಾರ್ಥಿಯು ಅತಿಥಿಯ ಗೌರವಕ್ಕೆ ಪಾತ್ರನಾಗುತ್ತಾನೆ.

ಎರಡನೆಯ ದಿನದ ಪ್ರಯಾಣ ಉತ್ತರಕ್ಕೆ. ಪೇಟೆಯ ಹೊರವಲಯದ ಕೂಡ್ಲಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಿದೆ. 1916ರಲ್ಲಿ ಮದರಾಸು ಸರಕಾರವು ತೆಂಗಿನ ಸಂಶೋಧನೆಗಾಗಿ ಪ್ರಾರಂಭಿಸಿದ ಕೇಂದ್ರವು 1970ರಲ್ಲಿ ಈ ರೂಪವನ್ನು ತಾಳಿತು. ತೋಟಗಾರರಾದ ಅತಿಥಿಗಳಿದ್ದರೆ ಮುಂಚಿತವಾಗಿ ಅನುಮತಿ ಕೇಳಿ ಇಲ್ಲಿಗೆ ಕರೆದೊಯ್ಯತಕ್ಕದ್ದು. ಅಲ್ಲಿಂದ ಮಧೂರು ದೂರವಿಲ್ಲ. ಮಧುವಾಹಿನಿ ಹೊಳೆಯ ದಂಡೆಯಲ್ಲಿರುವ ಮದನಂತೇಶ್ವರ ದೇವಾಲಯವು ಅಲ್ಲಿಯ ಗಣಪತಿಯಿಂದಲೇ ಹೆಚ್ಚು ಪ್ರಸಿದ್ಧ. ಆನೆಯ ಬೆನ್ನಿನಂತೆ ದುಂಡಾದ, ಮೂರು ಅಂತಸ್ತಿನ ಅದರ ಮಾಡು ಭಾರೀ ಮಳೆಯ ನಾಡಿನ ಶಿಲ್ಪಿಗಳ ಜಾಣ್ಮೆಗೆ ಸಾಕ್ಷಿ.

ಕುಂಬಳೆಯ ಸಮೀಪದ ಅನಂತಪುರವು ಮುರಕಲ್ಲಿನ ಬಯಲಿನ ನಡುವೆ ಇರುವ ಸರೋವರ ದೇವಾಲಯ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದೇ ಎಂದು ಭಕ್ತರ ನಂಬಿಕೆ. ಇಲ್ಲಿಯ ಕೆರೆಯಲ್ಲಿದ್ದ ‘ಬಬಿಯಾ’ ಎಂಬ ಮೊಸಳೆಯ ಹೆಸರನ್ನು ಕೇಳದವರು ವಿರಳ. ದೇವರ ನೈವೇದ್ಯದ ಅನ್ನವನ್ನು ತಿನ್ನುತ್ತಿದ್ದ, ಯಾರಿಗೂ ಕೇಡು ಮಾಡದ ಆ ಪ್ರಾಣಿ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿತ್ತೆಂದು ಹೇಳುತ್ತಾರೆ. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ಊರಿಗೆ ಊರೇ ಬಂದು ಅಂತಿಮ ದರ್ಶನ ಪಡೆಯಿತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದು ಎಲ್ಲಿಂದ ಬಂತೆಂದು ನಿಮ್ಮ ಪುಟ್ಟ ಅತಿಥಿಗಳು ದಾರಿಯುದ್ದಕ್ಕೂ ಕೇಳುವುದು ಖಂಡಿತ.

ಕುಂಬಳೆಯು ತೆಂಕುತಿಟ್ಟು ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರೆಂದು ಪ್ರಸಿದ್ಧ. ರಾಮಾಯಣದ ಅನೇಕ ಪ್ರಸಂಗಗಳಿಗೆ ಅವನ ಹೆಸರು ಸೇರಿಕೊಂಡಿದೆ. ಮೇಳಗಳ ತಿರುಗಾಟ ಮೇ ತಿಂಗಳ ಕೊನೆಯ ವಾರದ ಸುಮಾರಿಗೆ ಬರುವ ಪತ್ತನಾಜೆಯಂದು ಮುಗಿಯುತ್ತದೆ. ರಜೆಯಲ್ಲಿ ಬಂದ ನೆಂಟರಿಗೆ ಅದಕ್ಕೆ ಮೊದಲೇ ಒಂದು ಆಟವನ್ನು ತೋರಿಸಬೇಕು. ಭೂತಕೋಲ, ತೆಯ್ಯಂಗಳನ್ನು ನೋಡುವಾಗ ಅವು ವಿನೋದವಲ್ಲ, ಆರಾಧನೆಯೆಂಬುದನ್ನು ಅತಿಥಿಗಳಿಗೆ ಮೊದಲೇ ತಿಳಿಸಿ, ಊರಿನವರನ್ನು ಕೇಳದೆ ಚಿತ್ರ ತೆಗೆಯದಂತೆ ನೋಡಿಕೊಳ್ಳುವುದು ಆತಿಥೇಯನ ಹೊಣೆ.

ಅಲ್ಲಿಂದ ಮುಂದೆ ಮಂಜೇಶ್ವರ. ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ ಮನೆಯು ಈಗ ಅವರ ಸ್ಮಾರಕ. ಅವರ ಮೊದಲ ಕವನಸಂಗ್ರಹವಾದ ‘ಗಿಳಿವಿಂಡು’ವಿನ ಹೆಸರನ್ನೇ ಅದಕ್ಕಿಟ್ಟಿದ್ದಾರೆ. 1883ರಲ್ಲಿ ಮಂಜೇಶ್ವರದಲ್ಲಿಯೇ ಹುಟ್ಟಿ 1963ರಲ್ಲಿ ತೀರಿಕೊಂಡ ಈ ಮಹನೀಯರಿಗೆ ರಾಷ್ಟ್ರಕವಿಯೆಂಬ ಬಿರುದು ದೊರೆತುದು 1949ರಲ್ಲಿ, ಮದರಾಸು ಸರಕಾರದಿಂದ. ಕನ್ನಡದ ಮೊದಲ ರಾಷ್ಟ್ರಕವಿಯು ಈ ಗಡಿಯೂರಿನ ತೆಂಗಿನ ನೆರಳಿನಲ್ಲಿ ಕುಳಿತು ಹತ್ತಾರು ಭಾಷೆಗಳನ್ನು ಅಭ್ಯಾಸ ಮಾಡಿದರೆಂಬುದನ್ನು ನಮ್ಮ ಮಕ್ಕಳು ಅತಿಥಿಗಳಿಗೆ ಹೆಮ್ಮೆಯಿಂದ ಹೇಳಬೇಕು.

ಮೂರನೆಯ ದಿನ ದಕ್ಷಿಣಕ್ಕೆ. ಕಾಞಂಗಾಡಿನ ಹೊಸದುರ್ಗವೂ ಕೆಳದಿಯ ಅರಸರದೇ. ಇಂದು ‘ಹೊಸ್ದುರ್ಗ್’ ಎಂದು ಬರೆಯುವ ಹೆಸರಿನೊಳಗೆ ‘ಹೊಸ’, ‘ದುರ್ಗ’ ಎಂಬೆರಡು ನಮ್ಮ ಮಾತುಗಳೇ ಕುಳಿತಿವೆ. ಅದೇ ಊರಿನಲ್ಲಿ ನಿತ್ಯಾನಂದ ಸ್ವಾಮಿಗಳ ಆಶ್ರಮದ ಗುಹೆಗಳೂ, 1931ರಲ್ಲಿ ಸ್ವಾಮಿ ರಾಮದಾಸರು ಸ್ಥಾಪಿಸಿದ ಆನಂದಾಶ್ರಮವೂ ಇವೆ. ನೀಲೇಶ್ವರದ ಬಳಿಯ ತೈಕಡಪ್ಪುರದ ಮರಳದಂಡೆಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಸ್ಥಳೀಯ ಜನರು ಆ ಮೊಟ್ಟೆಗಳನ್ನು ಕಾಪಾಡಿ, ಸುಮಾರು ಒಂದೂವರೆ ತಿಂಗಳ ಬಳಿಕ ಹೊರಬರುವ ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಇನ್ನೂ ತೆಂಕಣಕ್ಕೆ ಕವ್ವಾಯಿಯ ಹಿನ್ನೀರು. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ನಿಶ್ಚಲವಾದ ಹಿನ್ನೀರು, ನಡುವೆ ಸುಮಾರು 24 ಕಿಲೋಮೀಟರು ಉದ್ದದ ವಲಿಯಪರಂಬದ ಮರಳುಪಟ್ಟಿ. ದೋಣಿಯಲ್ಲಿ ಹೋಗುವವರು ರಕ್ಷಣಾ ಅಂಗಿಯನ್ನು ಕೇಳಿ ತೊಟ್ಟುಕೊಳ್ಳಬೇಕು. ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಿದ ದೋಣಿಯನ್ನು ಹತ್ತಲೇ ಬಾರದು.

ಕೊನೆಯದಾಗಿ ಒಂದೆರಡು ಮಾತು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಕೋಟೆಯ ಮೇಲೆ ತಿರುಗಾಡಬಾರದು. ಬೆಳಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಬಳಿಕ ಹೊರಡಬೇಕು. ಒಣಹವೆಯ ಸೀಮೆಯವರು ನಮ್ಮ ಸೆಕೆಗೆ ಬೇಗ ಬಳಲುತ್ತಾರೆ. ಅವರಿಗೆ ಸೀಯಾಳ, ಮಜ್ಜಿಗೆ, ನೀರುಗಳನ್ನು ಆಗಾಗ ಕೊಡಬೇಕು. ಕೊಂಡುಹೋದ ಬುತ್ತಿಯ ಕಾಗದ, ಪ್ಲಾಸ್ಟಿಕ್ ಚೀಲಗಳನ್ನು ಮರಳಿ ಮನೆಗೆ ತರಬೇಕು. ಅತಿಥಿಯು ಎಸೆದರೆ ನಾವು ಮಾತಿಲ್ಲದೆ ಹೆಕ್ಕಿಕೊಂಡರೆ ಸಾಕು, ಮುಂದೆ ಅವರೇ ಎಸೆಯುವುದಿಲ್ಲ.

ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ: ಈ ಸಲ ನೆಂಟರು ಬಂದಾಗ ಬಾಡಿಗೆಯ ವಾಹನ ಗೊತ್ತುಮಾಡಿ ಅವರನ್ನಷ್ಟೇ ಕಳುಹಿಸದೆ, ನಿಮ್ಮ ಮಗನನ್ನೋ ಮಗಳನ್ನೋ ಅವರೊಡನೆ ಮಾರ್ಗದರ್ಶಿಯನ್ನಾಗಿ ಕಳುಹಿಸಿರಿ. ವಿದ್ಯಾರ್ಥಿಗಳೇ, ನೀವು ಹೊರಡುವ ಮೊದಲು ಆ ಸ್ಥಳದ ವಿಷಯವನ್ನು ಮನೆಯ ಹಿರಿಯರಲ್ಲಿ ಕೇಳಿ, ಪುಸ್ತಕದಲ್ಲಿ ಓದಿ, ಒಂದು ಪುಟದಷ್ಟು ಬರೆದಿಟ್ಟುಕೊಳ್ಳಿರಿ. ಅತಿಥಿಯು ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ, ನಾನು ಮಾಡಿದಂತೆ ತೋಚಿದ್ದನ್ನು ಹೇಳಬೇಡಿರಿ. ಪ್ರಶ್ನೆಯನ್ನು ಬರೆದುಕೊಂಡು ಶಾಲೆಗೆ ತನ್ನಿರಿ. ಸಾಗರದ ಆ ಹಿರಿಯರು ಈಗಿಲ್ಲ. ಅವರ ಮೊಮ್ಮಕ್ಕಳು ಎಂದಾದರೂ ಬೇಕಲಕ್ಕೆ ಬಂದು ಅದೇ ಪ್ರಶ್ನೆಯನ್ನು ಕೇಳಿದರೆ, ನಮ್ಮ ಶಾಲೆಯ ಯಾವ ಮಗುವಾದರೂ ಸರಿಯಾದ ಉತ್ತರವನ್ನು ಕೊಡುವಂತಾಗಲಿ.